ಆಟದ ರಾಣಿಗೆ ಅಳುವವರು

ನಾನೆಂದೂ ಮುಖ ನೋಡಿರದ ಜನ, ಎಲ್ಲೋ ದೂರದ ದೇಶಗಳಲ್ಲಿ ಕೂತು, ನನ್ನ ಹಾಡೊಂದನ್ನು ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಒಪ್ಪಿದರು. ಒಪ್ಪಿದ್ದಕ್ಕಿಂತ ಬೇಡವೆಂದದ್ದಕ್ಕೇ ನಾನು ಅವರಿಗೆ ಹೆಚ್ಚು ಋಣಿ. ಆಗ ಮಾತ್ರ ಮೈಯೆಲ್ಲ ಉರಿದಿತ್ತು.

ನಾನು ಜಾವಗಲ್ಲಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು. ಅರಸೀಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ರಾಗ ಕಟ್ಟುವುದು ನನ್ನ ಚಟ. ಹಳೆಯ ಕಂಪ್ಯೂಟರ್ ಆಟಗಳಿಗೆ ಅವುಗಳ ಅಭಿಮಾನಿಗಳೇ ಸೇರಿ ಹೊಸ ಕಥೆ, ಹೊಸ ಊರು, ಹೊಸ ಹಾಡು ಸೇರಿಸುತ್ತಾರೆ. ಅದಕ್ಕೆ ಮಾಡ್ ಎನ್ನುತ್ತಾರೆ. ಮಾಟಗಾರರೂ ಹಾರುವ ಹಾವುಗಳೂ ಇರುವ ಅಂಥದ್ದೊಂದು ರಾಜ್ಯಕ್ಕೆ ಸಂಗೀತ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂತೆಯ ಹಾಡು, ಯುದ್ಧದ ಹಾಡು ಒಂದೇ ಏಟಿಗೆ ಒಪ್ಪಿಗೆಯಾದವು. ರಾಣಿ ಸತ್ತಾಗ ಹೆಂಗಸರು ಹಾಡುವ ಹಾಡು ಮಾತ್ರ ವಾಪಸ್ಸು ಬರುತ್ತಲೇ ಇತ್ತು. ರಾಗ ಚೆನ್ನಾಗಿದೆ, ಆದರೆ ಇದರಲ್ಲಿ ಯಾರೂ ಸತ್ತಿಲ್ಲ ಎಂದು ಮಾಡ್‌ನ ತಂಡದವರು ಬರೆದಿದ್ದರು. ತಿಂಗಳೊಳಗೆ ಬಾರದಿದ್ದರೆ ರಾಣಿಯ ಚಿತೆ ಹಾಡಿಲ್ಲದೆಯೇ ಉರಿಯುತ್ತದೆ ಎಂದೂ ಸೇರಿಸಿದ್ದರು.

ಸತ್ತವರ ಮುಂದೆ ಹಾಡಿಕೊಂಡು ಅಳುವುದರಲ್ಲಿ ಹಳೇಬೀಡಿನ ನನ್ನ ದೊಡ್ಡಮ್ಮನನ್ನು ಮೀರಿಸಿದವರಿಲ್ಲ. ಸುತ್ತಲ ಹಳ್ಳಿಗಳವರು ಅವಳಿಗೆ ಹೇಳಿಕಳಿಸುತ್ತಿದ್ದರು. ಆದರೆ ಅವಳ ಬಳಿ ಹೋಗಲು ನನಗೆ ಮನಸ್ಸಿರಲಿಲ್ಲ. ನನ್ನ ಅಮ್ಮ, ಅಂದರೆ ಅವಳ ಸ್ವಂತ ತಂಗಿ, ತೀರಿಕೊಂಡಾಗ ದೊಡ್ಡಮ್ಮ ಬಂದಳು, ಮೂಲೆಯಲ್ಲಿ ಕೂತಳು, ತುಟಿ ಬಿಚ್ಚಲಿಲ್ಲ. ಯಾವುದೋ ಮದುವೆಮನೆಯಲ್ಲಿ ಬಂದ ಮಾತಿಗೆ ಇಬ್ಬರೂ ಮುನಿಸಿಕೊಂಡು ಮಾತು ಬಿಟ್ಟಿದ್ದರು, ನಿಜ. ಆದರೂ ಊರವರಿಗೆಲ್ಲ ಅತ್ತವಳು ಒಡಹುಟ್ಟಿದವಳಿಗೆ ಒಂದು ಸೊಲ್ಲು ಹಾಡಬಾರದಿತ್ತೇ? ಆ ಸಿಟ್ಟು ನನ್ನಲ್ಲಿ ಹಾಗೇ ಉಳಿದಿತ್ತು.

ಕೊನೆಗೆ ಹೋದೆ, ನನ್ನ ಕೆಲಸ ಆಗಬೇಕಿತ್ತಲ್ಲ. ಆಟದ ರಾಣಿಗೆ ಅಳಬೇಕೆಂದರೆ ದೊಡ್ಡಮ್ಮ ನಗಲಿಲ್ಲ. ದೀಪ ಹಚ್ಚುವ ಮನೆಯೊಳಗೆ ಅಂಥದ್ದು ಹಾಡಬಾರದೆಂದು ತೆಂಗಿನ ತೋಟಕ್ಕೆ ಕರೆದುಕೊಂಡು ಹೋದಳು. ಅಲ್ಲಿ ವಿಚಾರಣೆ ಶುರುವಾಯಿತು. ರಾಣಿಯ ತವರು ಹೇಗಿತ್ತು, ಏನನ್ನು ಆಸೆಪಟ್ಟು ತಿನ್ನುತ್ತಿದ್ದಳು, ಯಾರನ್ನು ಬಿಟ್ಟು ಹೋದಳು. ಸತ್ತವರ ಬದುಕು ಗೊತ್ತಿಲ್ಲದೆ ಅವರಿಗಾಗಿ ಅಳಲು ಬರುವುದಿಲ್ಲವಂತೆ. ನಮ್ಮ ರಾಣಿಗೋ ಕಿರೀಟ ಮತ್ತು ಸಾವು ಬಿಟ್ಟರೆ ಬೇರೇನೂ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ತವರಿನ ಮುಂದೆ ಕೆರೆ ಇತ್ತು, ಹುರಿದ ಅವರೆಕಾಳೆಂದರೆ ಪ್ರಾಣ, ಬಿರುಸಾಗಿ ನಡೆದರೆ ಗಂಡಸರೂ ಹಿಂದೆ ಬೀಳುತ್ತಿದ್ದರು, ಒಬ್ಬಳೇ ಮಗಳು. ಅಷ್ಟೂ ಅಮ್ಮನದೇ ಎಂದು ಹೇಳುವಾಗ ನನಗೇ ಹೊಳೆಯಲಿಲ್ಲ.

"ಯಾರ್ ಮ್ಯಾಲಾದ್ರೂ ಮುನಿಸಿತ್ತಾ?" ಎಂದು ದೊಡ್ಡಮ್ಮ ಮೆಲ್ಲಗೆ ಕೇಳಿದಳು.

"ಅಕ್ಕನ ಮೇಲೆ," ಎಂದುಬಿಟ್ಟೆ.

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹಾಡಿ ಅಳೋವಾಗ ಸುಳ್ಳು ಹೇಳಂಗಿಲ್ಲ ಕಣವ್ವ. ಅವತ್ತು ಬಾಯಿ ತೆಗ್ದಿದ್ರೆ ತಪ್ಪು ನಂದೇ ಅಂತ ಊರ್ ಮುಂದೆ ಹಾಡ್ಬೇಕಾಗಿತ್ತು. ಧೈರ್ಯ ಬರ್ಲಿಲ್ಲ."

ಆಮೇಲೆ ಹಾಡಿದಳು. ಕೆರೆ ಬಂತು, ಅವರೆಕಾಳು ಬಂತು, ಮದುವೆಮನೆಯ ಜಗಳ ಬಂತು, ತನ್ನ ತಪ್ಪನ್ನೂ ಅವಳು ಬಿಡಲಿಲ್ಲ. ಅಮ್ಮ ಹೋದ ದಿನ ಬಂದ ನೆಂಟರಿಗೆ ಕಾಫಿ ಮಾಡಿಸುವುದರಲ್ಲೇ ಕಳೆದಿದ್ದ ನಾನು ಈಗ ತೆಂಗಿನ ಬುಡಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನಿಗೆ ಸಲ್ಲಬೇಕಾದದ್ದು ಸಂದಿತು ಅನ್ನಿಸಿ ದೊಡ್ಡಮ್ಮನ ಕಾಲು ಮುಟ್ಟಿದೆ.

ಹಿಡ್ಕೊಂಡ್ಯಾ ಎಂದು ಫೋನು ತೋರಿಸಿ ಕೇಳಿದಳು. ರೆಕಾರ್ಡ್ ಒತ್ತಲು ನನಗೆ ಕೈಯೇ ಬಂದಿರಲಿಲ್ಲ. ಹಾಗೆಂದು ಹೇಳಿದೆ.

ದೊಡ್ಡಮ್ಮ ಮೂಗು ಒರೆಸಿಕೊಂಡಳು. "ಒಳ್ಳೇದಾಯ್ತು ಬಿಡು, ಅದು ನಿಮ್ಮವ್ವಂದು. ಈಗ ಒತ್ತು, ರಾಣಿಗೂ ಅಳ್ತೀನಿ."