ಮೊಲದ ಪದ್ಯ ಕೇಳಿದ ಮುಧೋಳ ನಾಯಿ

"ಸಾಕ ಮಾಡವಾ, ನಾಯಿ ಕೇಳಾಕತ್ತೈತಿ!" ಎಂದು ಮಾವ ಒಮ್ಮೆಲೇ ಕೂಗಿದರು. ನಾನು ಮಗಳಿಗೆ ಪ್ರಾಸದ ಕತೆಯೊಂದನ್ನು ಓದುತ್ತಿದ್ದೆ. ಅದರಲ್ಲಿ ಬೇಟೆನಾಯಿಯೊಂದು, "ಬಾರೋ ಮೊಲವೇ, ಅಂಜಬೇಡ, ಒಬ್ಬನೇ ಉಣ್ಣುವ ರೊಟ್ಟಿ ಬೇಡ" ಎಂದು ಮೊಲವನ್ನು ಊಟಕ್ಕೆ ಕರೆಯುತ್ತದೆ. ಮಾವ ಅಕ್ಕರೆಯಿಂದ ಸಾಕಿದ ಮುಧೋಳ ನಾಯಿಯೂ ನಮ್ಮ ಪಕ್ಕದಲ್ಲೇ ಕಿವಿಗೊಟ್ಟು ಕೂತಿತ್ತು.

"ಇಂಥಾದ್ದು ಕೇಳಿದ್ರ ನಾಳೆ ಅದು ಮೊಲಾ ಕಂಡ್ರ ನಮಸ್ಕಾರ ಮಾಡತೈತಿ!"

ಮರುದಿನ ಪಕ್ಕದ ಮನೆಯ ಬೆಕ್ಕು ಬಂದು ನಾಯಿಗೆ ಇಟ್ಟಿದ್ದ ಹಾಲನ್ನೆಲ್ಲ ಕುಡಿಯಿತು. ನಾಯಿ ಮಲಗಿದಲ್ಲೇ ನೋಡುತ್ತಿತ್ತು. ಮಾವ ಬೆಕ್ಕನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು.

ಈಗ ನಾನು ಪುಸ್ತಕ ತೆಗೆದರೆ ಸಾಕು, ಮಾವ ನಾಯಿಯನ್ನು ಹೊರಗೆ ಕಟ್ಟಿ, ಬಾಗಿಲು ಹಾಕಿ, ಮೊಮ್ಮಗಳಿಗೆ ಒತ್ತಿಕೊಂಡು ಕೂರುತ್ತಾರೆ. "ಹೂಂ, ಈಗ ಓದವಾ. ಮೊಲಾ ಊಟಕ್ಕ ಬಂತೇನು?"