ಶನಿವಾರದ ಕೂಲಿಯೋ, ಐದು ವರ್ಷದ್ದೋ?

ಗೆಳೆಯರೇ, ತಪ್ಪುಗಳಿದ್ದರೆ ಕ್ಷಮಿಸಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕೋಳಿಕಾಲಿನಂಥ ಅಕ್ಷರ ಓದಿ ಟೈಪ್ ಮಾಡಲು ತಿಪಟೂರಿನ ಸೈಬರ್ ಸೆಂಟರಿನ ರೇಖಾ ಕಷ್ಟಪಟ್ಟಿದ್ದಾಳೆ.

ನಾವು ಕಾಯಿಪುಡಿ ಫ್ಯಾಕ್ಟರಿಯಲ್ಲಿ ತೆಂಗಿನಕಾಯಿಯ ಸಿಪ್ಪೆ ಹೆರೆಯುವ ಹೆಂಗಸರು. ಈ ಬೆಳಿಗ್ಗೆ ಬೆಂಗಳೂರಿನ ಬಂಡವಾಳ ಕಂಪನಿಯವರೊಬ್ಬರು ಬಂದಿದ್ದರು. ಅವರ ಕಂಪನಿ ನಮ್ಮ ಫ್ಯಾಕ್ಟರಿಯಲ್ಲಿ ಪಾಲು ಕೊಳ್ಳುತ್ತದಂತೆ. ನಿಮಗೆ ಕೂಲಿ ಹೇಗೆ ಎಂದು ಕೇಳಿದರು. ಕಾಯಿ ಲೆಕ್ಕ, ಶನಿವಾರ ಕೈಗೆ ಬರುತ್ತದೆ ಎಂದೆವು. ಅವರದು ಹೇಗೆ ಎಂದು ಕೇಳುವ ಆಸೆ ನನಗೆ; ಧೈರ್ಯ ಬರಲಿಲ್ಲ. ಪಕ್ಕದ ಲಕ್ಷ್ಮಕ್ಕನೇ ಕೇಳಿದಳು: “ನಿಮ್ಗೆಂಗೆ ಸಾಮಿ?”

“ತಿಂಗಳ ಸಂಬಳ ಇದೆ. ದೊಡ್ಡ ದುಡ್ಡು ಬರೋದು ಐದು ವರ್ಷ ಆದ್ಮೇಲೆ, ಈ ಪಾಲನ್ನ ಲಾಭಕ್ಕೆ ಮಾರಿದಾಗ.”

“ಅಟ್ಟದಲ್ಲಿ ಕಾಯಿ ಒಣಗಾಕ್ದಂಗೆ ಅನ್ನಿ! ನಮ್ದು ವರ್ಸಕ್ಕೆ ಕೊಬ್ರಿ ಆಯ್ತದೆ. ನಿಮ್ದು ಕೊಳೆತೋದ್ರೆ?”

“ಏನೂ ಸಿಗಲ್ಲಮ್ಮ” ಎಂದು ನಕ್ಕರು.

ಲಕ್ಷ್ಮಕ್ಕ ನಗಲಿಲ್ಲ. “ನೀವು ಬಂದ್ಮೇಲೆ ನಮ್ ಕೂಲಿ ಶನಿವಾರಾನೋ, ಐದು ವರ್ಸಕ್ಕೋ?”

ಅವರು ಪಕ್ಕದಲ್ಲೇ ನಿಂತಿದ್ದ ನಮ್ಮ ಫ್ಯಾಕ್ಟರಿ ಸಾಹುಕಾರರ ಮುಖ ನೋಡಿದರು. “ಅದನ್ನ ಇನ್ನೂ ಮಾತಾಡಿಲ್ಲ” ಎಂದರು.

ಅವರ ಕಾರು ಗೇಟು ದಾಟಿದ್ದೇ ತಡ, ಈ ವಾರದ ಕೂಲಿ ಈಗಲೇ ಕೊಡಿ ಎಂದು ನಾವೆಲ್ಲ ಸಾಹುಕಾರರ ಟೇಬಲ್ ಮುಂದೆ ನಿಂತೆವು.

“ಇವತ್ತಿನ್ನೂ ಗುರುವಾರ ಕಣ್ರಮ್ಮ. ನಾನೇನು ಓಡೋಯ್ತೀನಾ?”

“ನೀವು ಓಡಲ್ಲ ಬುಡಿ. ಮಾರಿಬುಟ್ರೆ?” ಎಂದಳು ಲಕ್ಷ್ಮಕ್ಕ.

ಐದು ವರ್ಷ ಕಾಯುವುದು ಓದಿದವರ ಕೆಲಸ ಇರಬೇಕು. ನಾನಂತೂ ಸಾಹುಕಾರರು ಎಣಿಸಿಕೊಟ್ಟ ಇದುವರೆಗಿನ ಕೂಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮತ್ತೆ ಕಾಯಿ ಹೆರೆಯಲು ಕೂತೆ.