ಗಂಟ ಐತ್ರಿ, ಮುಟ್ಟಬ್ಯಾಡ್ರಿ

ಸಂಜೆ ಏಳು ಗಂಟೆಗೆ ಹತ್ತು ನಿಮಿಷ ಬಾಕಿ ಇತ್ತು. ಏಳಕ್ಕೆ ಸವಣೂರಿನ ಅಗಸಿ, ಊರಬಾಗಿಲು, ಮುಚ್ಚುತ್ತಾರೆಂದು ಟಾಂಗಾದಲ್ಲಿ ಕೂತು ದಾರಿಯುದ್ದಕ್ಕೂ ಕೈಗಡಿಯಾರ ನೋಡಿಕೊಳ್ಳುತ್ತ ಬಂದಿದ್ದೆ. ಆದ್ದರಿಂದ ವೇಳೆಯ ವಿಷಯದಲ್ಲಿ ನನಗೆ ಸಂಶಯವಿಲ್ಲ. ಅಗಸಿಯ ಮುಂದೆ ಇಳಿದ ಮೇಲೆ ನಾನು ಒಂದು ಮಾತು ಆಡಿದೆ. ಆ ಮಾತಿನಿಂದ ಒಬ್ಬ ಮನುಷ್ಯ ಊರ ಹೊರಗೆ ಉಳಿದ.

ನಮ್ಮೂರು ಒಂದು ಕಾಲಕ್ಕೆ ಆಳುವವರ ಊರು. ಕೋಟೆ, ಕಂದಕ, ಒಳಗೆ ಅರಮನೆಯ ಚಾಕರಿಯವರ ಓಣಿಗಳು. ನನ್ನ ಅಜ್ಜ ದಫ್ತರದಲ್ಲಿ ಕೂತು ಕಾಗದ ಬರೆಯುತ್ತಿದ್ದರು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಬರುವ ಹೊತ್ತಿಗೆ ಅಂಥ ಕೆಲಸಗಳು ಉಳಿದಿರಲಿಲ್ಲ. ಕತ್ತಿಗೆ ಸಾಣೆ ಹಿಡಿಯುತ್ತಿದ್ದವರ ಮೊಮ್ಮಕ್ಕಳು ಹುಬ್ಬಳ್ಳಿಗೆ ಹೋಗಿ ರೈಲಿನ ಕಬ್ಬಿಣ ಉಜ್ಜುತ್ತಿದ್ದರು. ನಾನು ಅಲ್ಲಿಯೇ ಒಂದು ಹತ್ತಿ ಅಂಗಡಿಯಲ್ಲಿ ಕಾರಕೂನನಾದೆ. ನಸುಕಿನಲ್ಲಿ ಟಾಂಗಾ ಹಿಡಿದು ಯಲವಿಗಿ ಸ್ಟೇಶನ್ನಿಗೆ ಹೋಗಿ ರೈಲು ಹತ್ತುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಹಗಲು ಊರಿನಲ್ಲಿ ಮುದುಕರು, ಹೆಂಗಸರು, ಎಲೆಬಳ್ಳಿಯ ತೋಟದವರು ಅಷ್ಟೆ ಇರುತ್ತಿದ್ದರು. ನಮಗೆ ಊರವರು 'ಹೋಗಿಬರಾವ್ರು' ಎಂದು ಹೆಸರಿಟ್ಟಿದ್ದರು. ಮೊದಲು ಅದು ಮರ್ಯಾದೆಯ ಮಾತು. ಹುಡುಗ ಹೋಗಿಬರಾಂವ ಎಂದರೆ ಶಿಗ್ಗಾವಿಯವರೂ ಹಾನಗಲ್ಲಿನವರೂ ಹೆಣ್ಣು ಕೊಡಲು ಮುಂದೆ ಬರುತ್ತಿದ್ದರು.

ಯುದ್ಧದ ವರ್ಷಗಳು. ಸಕ್ಕರೆ, ಬಟ್ಟೆ ಎಲ್ಲ ಕಂಟ್ರೋಲಿನಲ್ಲಿ. ಅದರ ಮೇಲೆ ಹುಬ್ಬಳ್ಳಿಗೆ ಪ್ಲೇಗು ಬಂತು. ಒಂದು ವಾರದಲ್ಲಿ ನಮ್ಮ ಹೆಸರು ಬೈಗುಳವಾಯಿತು. "ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಬರೂದೊಂದು ಬಿಡ್ರಿ," ಎಂದು ಅಗಸಿಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಪಂಚರು ಒಂದು ನಿಯಮ ಮಾಡಿದರು. ಹೊರಗಿನಿಂದ ಬಂದವರು ದೊಡ್ಡ ಬಾಗಿಲಿನೊಳಗಿನ ಸಣ್ಣ ದಿಡ್ಡಿಯಿಂದ ಒಬ್ಬೊಬ್ಬರಾಗಿ ನುಸಿಯಬೇಕು. ಅಲ್ಲಿ ಗರಡಿಮನೆಯ ಉಸ್ತಾದ ನಿಂತು ಬಗಲು, ತೊಡೆಸಂದಿ ಮುಟ್ಟಿ ನೋಡಬೇಕು. ಗಡ್ಡೆ, ಊರವರ ಮಾತಿನಲ್ಲಿ ಗಂಟು, ಸಿಕ್ಕರೆ ಅವನಿಗೆ ಊರೊಳಗೆ ಜಾಗವಿಲ್ಲ. ಕಂದಕದಾಚೆ, ಮುಂಬೈಗೆ ಹೋಗುವ ಎಲೆಬುಟ್ಟಿ ಕಟ್ಟುತ್ತಿದ್ದ ತಗಡಿನ ಶೆಡ್ಡಿಗೆ ಹೋಗಬೇಕು.

ಶಿಂಪಿಗರ ಕಾಕಾ ದಿನಾಲು ರೈಲಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದ. ಐವತ್ತು ದಾಟಿದವನು. ಅವನ ಹಿರಿಯರು ಅರಮನೆಯ ಕುದುರೆಗಳ ಬೆನ್ನಿಗೆ ಹೊದಿಸುವ ಜೂಲು ಹೊಲಿದವರು. ಅವನು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಸೋಲ್ಜರರ ಖಾಕಿ ಚಡ್ಡಿ ಹೊಲಿಯುತ್ತಿದ್ದ. "ಕುದರಿಗೆ ಹೊಲೀವಾಗ ಅಳತಿ ಆದ್ರೂ ತಗೋತಿದ್ವಿ," ಎನ್ನುತ್ತಿದ್ದ. ಆ ವಾರ ಅವನ ಮಗಳು ಹೆತ್ತಿದ್ದಳು. ಆರು ವರ್ಷ ಮಕ್ಕಳಿಲ್ಲವೆಂದು ಮಂದಿಯಿಂದ ಅನ್ನಿಸಿಕೊಂಡ ಹುಡುಗಿ.

ಆ ದಿನ ಕುಂದಗೋಳ ದಾಟಿದ ಮೇಲೆ ಕಾಕಾ ತೊಡೆ ಒರೆಸಿಕೊಳ್ಳುವವನಂತೆ ಮಾಡಿ ನನಗೆ ಕಣ್ಣಿನಿಂದ ತೋರಿಸಿದ. ಧೋತ್ರದ ಒಳಗೆ, ಎಡತೊಡೆಯ ಮೇಲ್ಭಾಗಕ್ಕೆ, ಒಂದು ಬಟ್ಟೆಯ ಗಂಟು ಕಟ್ಟಿಕೊಂಡಿದ್ದ. ಚಡ್ಡಿಯ ಜೇಬಿನೊಳಗೆ ಹಾಕುವ ಬಿಳಿ ಅಸ್ತರಿನ ತುಂಡುಗಳು.

"ಕೂಸಿನ ತಲಿಗೆ ಕಟ್ಟಾಕ ಕುಂಚಿಗಿ ಆಕ್ಕೈತಿ. ಹೊಸಾ ಅರಿವಿ ಎಲ್ಲಿ ತರ್ಲಿ ಈಗ?" ಎಂದ. "ಸರಕಾರದ ಅರಿವಿ, ತಮ್ಮಾ. ಸಿಕ್ಕರ ಜೇಲ. ಉಸ್ತಾದ ಮುಟ್ಟಿದ್ನಂದ್ರ ಬಿಚ್ಚು ಅಂತಾನ. ಏನ್ ಮಾಡ್ಲಿ?"

"ಚಿಂತಿ ಬ್ಯಾಡ. ಉಸ್ತಾದ್ರು ನಮ್ಮಪ್ಪನ ದೋಸ್ತರು. ನಾ ಹೇಳ್ತೇನಿ," ಎಂದೆ.

ಸ್ಟೇಶನ್ನಿನಿಂದ ಕಾಕಾ ಮುಂದಿನ ಟಾಂಗಾದಲ್ಲಿ ಹೋದ, ನಾನು ಹಿಂದಿನದರಲ್ಲಿ. ನಾನು ಇಳಿದಾಗ ದಿಡ್ಡಿಯ ಮುಂದೆ ಐದಾರು ಜನರ ಸಾಲು. ಯಾರೋ, "ಉಸ್ತಾದ್ರ, ಕಚಗುಳಿ ಇಡಬ್ಯಾಡ್ರಿ, ಮನ್ಯಾಗ ಹೇಣ್ತಿ ಅದಾಳ," ಎಂದು ನಗಿಸುತ್ತಿದ್ದ. ಕಾಕಾನ ಸರದಿ ಬರುವುದರಲ್ಲಿತ್ತು. ನಾನು ಸಾಲು ಬಿಟ್ಟು ಮುಂದೆ ಹೋಗಿ ಉಸ್ತಾದನ ಕಿವಿಯ ಹತ್ತಿರ ಬಾಗಿದೆ.

"ಉಸ್ತಾದ್ರ, ಕಾಕಾನ ತೊಡಿಗೆ ಗಂಟ ಐತ್ರಿ. ಮುಟ್ಟಬ್ಯಾಡ್ರಿ."

ಉಸ್ತಾದನ ಕೈ ಬೆಂಕಿ ತಾಗಿದಂತೆ ಹಿಂದಕ್ಕೆ ಹೋಯಿತು. ಅವನ ಮುಖ ನೋಡಿದಾಗ ನಾನು ಏನು ಹೇಳಿದೆ ಎಂಬುದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವನು ಕೂಗಿಯಾಗಿತ್ತು. "ಗಂಟ! ಶಿಂಪಿಗ್ಯಾಗ ಗಂಟ ಎದ್ದೈತಿ!"

ಇಷ್ಟು ವರ್ಷವಾದರೂ ನಾನು ಆ ವಾಕ್ಯವನ್ನು ತಿದ್ದುತ್ತಲೇ ಇದ್ದೇನೆ. ಅರಿವಿ ಐತ್ರಿ ಎನ್ನಬಹುದಿತ್ತು. ಸಾಮಾನ ಐತ್ರಿ ಎನ್ನಬಹುದಿತ್ತು. ಏನೂ ಅನ್ನದೆ ಉಸ್ತಾದನ ಕೈ ಹಿಡಿದು ಅದುಮಿದರೂ ಆಗುತ್ತಿತ್ತು. ಮುಂದೆ ನಾನು ಹಿರೇಕೆರೂರಿನ ಸಾಲೆಯಲ್ಲಿ ಮಾಸ್ತರನಾಗಿ ಮಕ್ಕಳಿಗೆ ಒಂದೇ ಶಬ್ದದ ಬೇರೆ ಬೇರೆ ಅರ್ಥ ಕಲಿಸಿದೆ. 'ಗಂಟು' ಬಂದಾಗ ಮುಂದಿನ ಶಬ್ದಕ್ಕೆ ಹೋಗುತ್ತಿದ್ದೆ.

ದಿಡ್ಡಿ ಧಡಾರನೆ ಮುಚ್ಚಿತು. ಸಾಲಿನಲ್ಲಿ ನಿಂತವರು ಕಂದಕದ ಕಡೆ ಓಡಿದರು. ಒಳಗಿನವರು ಕೋಟೆಯ ಮುರಿದ ಗೋಡೆ ಹತ್ತಿ ಕಲ್ಲು ಎಸೆಯತೊಡಗಿದರು. ಕಾಕಾ ಗಾಬರಿಯಲ್ಲಿ ಎರಡೂ ಕೈಯಿಂದ ಎಡತೊಡೆ ಹಿಡಿದುಕೊಂಡ. ಅದನ್ನು ನೋಡಿ ಕೂಗು ಇನ್ನೂ ಜೋರಾಯಿತು. ಒಂದು ಕಲ್ಲು ಅವನ ಭುಜಕ್ಕೆ ಬಿತ್ತು. ಇನ್ನೊಂದು ನನ್ನ ಕಿವಿ ಸವರಿಕೊಂಡು ಹೋಗಿ ಟಾಂಗಾದ ಕುದುರೆಗೆ ತಾಗಿತು. ಕುದುರೆ ಎದ್ದು ನಿಂತ ಸಪ್ಪಳ, ಗಾಡಿಯ ಮೂಕಿಮರ ಮುರಿದ ಸಪ್ಪಳ ನನಗೆ ಇಂದಿಗೂ ಹಾಗೆಯೇ ಕೇಳುತ್ತದೆ.

ಗಂಟು ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು. ಕಾಕಾನ ಕೈ ಒಮ್ಮೆ ಧೋತ್ರದ ಒಳಗೆ ಹೋಯಿತು, ನಿಂತಿತು. ಗೋಡೆಯ ಮೇಲೆ ಊರಿಗೆ ಊರೇ ಇತ್ತು. ಅವನು ಕೈ ಹೊರಗೆ ತೆಗೆದ.

ದಿಡ್ಡಿಯ ಹೊರಗೇ ಉಳಿದಿದ್ದ ಉಸ್ತಾದ ಬೊಗಸೆಯಷ್ಟು ದೊಡ್ಡ ಕಲ್ಲು ಹಿಡಿದು ನನ್ನ ಕಡೆ ತಿರುಗಿದ. "ನೀ ಇವನ ಬಾಜೂಕ ಕುಂತ ಬಂದ್ಯೇನು? ಖರೇ ಹೇಳು."

"ಇಲ್ರಿ. ನಾ ರೈಲಿನ್ಯಾಗ ಬ್ಯಾರೆ ಡಬ್ಬಿಯೊಳಗಿದ್ದೆ," ಎಂದೆ.

ಕಾಕಾ ಅದನ್ನು ಕೇಳಿಸಿಕೊಂಡ. ಹೌದೆಂದು ತಲೆಯಾಡಿಸಿದ. "ಖರೇ ಐತ್ರಿ. ಬಿ.ಎ. ಆದಾಂವ ನಮ್ಮಂಥವರ ಜೋಡಿ ಯಾಕ ಕುಂದರ್ತಾನ?" ಎಂದು ಹೇಳಿ, ಭುಜ ಹಿಡಿದುಕೊಂಡು, ಯಾರೂ ದೂಡುವ ಮೊದಲೇ ಶೆಡ್ಡಿನ ಕಡೆ ನಡೆದ. ನನ್ನ ಬಗಲು, ತೊಡೆ ಮುಟ್ಟಿ ನೋಡಿ ಒಳಗೆ ಬಿಟ್ಟರು.

ಶೆಡ್ಡಿನಲ್ಲಿ ಆಗಲೇ ಒಬ್ಬ ಹಮಾಲ ಮೂರು ದಿನದಿಂದ ಜ್ವರದಲ್ಲಿ ಬಿದ್ದಿದ್ದ. ನೆಟ್ಟಗಿದ್ದ ಮನುಷ್ಯನನ್ನು ಅವನ ಜೊತೆ ಹಾಕಿದ್ದರು. ಹತ್ತು ದಿನ ಏನೂ ಆಗದಿದ್ದರೆ ಒಳಗೆ ಬಿಡುತ್ತೇವೆ ಎಂಬುದು ಪಂಚರ ಮಾತು.

ಮರುದಿನ ಬೆಳಿಗ್ಗೆ ಸ್ಟೇಶನ್ನಿಗೆ ಹೋಗುವಾಗ ಕಾಕಾನ ಹೆಂಡತಿ ನನ್ನ ಕೈಗೆ ರೊಟ್ಟಿ ಕೊಟ್ಟಳು. ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ ದೂರದ ಒಂದು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಕಾಕಾ ಹೊರಗೆ ಬಂದ.

"ಬರ್ರಿ ಸಾಹೇಬ್ರ! ಧಾರವಾಡದಾಗ ಗಂಟಿಗೆ ಬ್ಯಾರೆ ಮಾತ ಕಲಸಲಿಲ್ಲೇನು ನಿಮಗ?"

ನನಗೆ ಅಳು ಬಂತು. "ಪಂಚರಿಗೆ ಹೇಳ್ತೇನಿ ಕಾಕಾ. ಅರಿವಿ ಇತ್ತು ಅಂತ ಹೇಳ್ತೇನಿ."

"ಹೇಳು. ಹಂಗ ಎಷ್ಟ ವರ್ಸ ಜೇಲಿಗೆ ಕಳಸ್ತಾರ, ಅದನ್ನೂ ಕೇಳ್ಕೊಂಡ ಬಾ," ಎಂದ. "ಇಲ್ಲೆ ಬರೇ ಹತ್ತ ದಿನ. ಟೊಪಗ್ಯಾಗ ಸೂಜಿ ಐತಿ, ಖಾಕಿ ದಾರ ಐತಿ. ಕುಂತಲ್ಲೆ ಕುಂಚಿಗಿ ಮುಗಸ್ತೇನಿ. ಬಾಯಿ ಮುಚ್ಚಿಕೊಂಡಿರು."

ಬಾಯಿ ಮುಚ್ಚಿಕೊಂಡಿದ್ದೆ. ಅದು ನನಗೆ ಅನುಕೂಲವೂ ಆಗಿತ್ತು.

ಐದನೆಯ ದಿನ ಹಮಾಲ ಸತ್ತ. ಕಾಕಾ ಹೊರಗೆ ಬೇವಿನ ಗಿಡದ ಕೆಳಗೆ ಮಲಗತೊಡಗಿದ. ಆದರೆ ಮಳೆ ಬಂದಾಗ ಒಳಗೇ ಹೋಗಬೇಕಿತ್ತು. ಎಂಟನೆಯ ದಿನ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸನ್ನು ತಂದು ಹಾಕಿದರು. ಒಂಬತ್ತನೆಯ ದಿನ ಸಂಜೆ ನಾನು ಪಂಚರಲ್ಲಿ ಹಿರಿಯನಾದ ಅಡತಿ ವ್ಯಾಪಾರಿಯ ಮನೆಗೆ ಹೋದೆ. ಅವನು ಪಡಸಾಲೆಯಲ್ಲಿ ಕೂತು ಎಲೆಯ ತೊಟ್ಟು ಮುರಿಯುತ್ತಿದ್ದ.

"ಕಾಕಾನ ಹತ್ತ ದಿನಾ ನಾಳಿಗೆ ಮುಗಿತಾವ್ರಿ," ಎಂದೆ.

"ದಿನಾ ಅಂವನವಲ್ಲೋ, ಶೆಡ್ಡಿನವು. ಶೆಡ್ಡಿಗೆ ನಿನ್ನೆ ಹೊಸಬರು ಬಂದಾರ. ನಿನ್ನೆಯಿಂದ ಹತ್ತು ಹಿಡಿ."

"ಅವ್ರಿಗೆ ಮೊದಲಿಂದಾನೂ ಗಂಟ ಇರಲಿಲ್ರಿ."

ಅವನು ತೊಟ್ಟು ಮುರಿಯುವುದನ್ನು ನಿಲ್ಲಿಸಿದ. "ಗಂಟ ಐತಿ ಅಂದಾಂವ ನೀನ. ಬಾಜೂಕ ಕುಂತಿರಲಿಲ್ಲ ಅಂದಾಂವನೂ ನೀನ. ಈಗ ಇರಲಿಲ್ಲ ಅಂತೀದಿ. ನಿನಗ ಹೆಂಗ ಗೊತ್ತಪಾ? ಕುಂತಿದ್ದೆ ಅಂದ್ರ ಹೇಳು, ಶೆಡ್ಡಿನ್ಯಾಗ ಇನ್ನೂ ಜಾಗಾ ಐತಿ."

ಹೇಳುವುದಕ್ಕೆ ಒಂದೇ ಮಾತಿತ್ತು. ಕುಂತಿದ್ದೆ. ಅವನು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸುವ ತನಕ ನಾನು ನಿಂತಿದ್ದೆ. ಆಮೇಲೆ "ಬರ್ತೇನ್ರಿ" ಎಂದು ಹೊರಟೆ.

ಹೆಸರಿಡುವ ದಿನ ಮಧ್ಯಾಹ್ನ ಕಾಕಾನ ಹೆಂಡತಿ ಕೂಸನ್ನು ಎತ್ತಿಕೊಂಡು ಮುರಿದ ಕೋಟೆಗೋಡೆಯ ಮೇಲೆ ಬಂದು ನಿಂತಳು. ಬಾಣಂತಿ ಮಗಳು ಕೆಳಗೆ ನಿಂತು ಹೆದರಿ ಬೈಯುತ್ತಿದ್ದಳು. ಕಾಕಾ ಕಂದಕದ ಆಚೆಯ ದಂಡೆಗೆ ಬಂದು ಹಣೆಗೆ ಕೈ ಅಡ್ಡ ಹಿಡಿದ.

"ಮೂಗ ನಮ್ಮವ್ವಂದು! ದೊಣ್ಣಮೂಗ! ಇನ್ನ ಇದರ ಲಗ್ನಾ ಆದಂಗ!" ಎಂದು ಕೂಗಿದ.

"ನಿಮ್ಮದೇನ ಸಣ್ಣದೈತೇನು?" ಎಂದು ಹೆಂಡತಿ ಕೂಗಿದಳು. ಗೋಡೆಯ ಕೆಳಗೆ ನೆರೆದವರೂ ನಕ್ಕರು. ಅವರಲ್ಲಿ ಕೆಲವರು ಆ ಸಂಜೆ ಕಲ್ಲು ಎಸೆದವರು.

"ಇನ್ನ ಐದ ದಿನ. ಕುಂಚಿಗಿ ನಾನ ಕಟ್ಟತೇನಿ, ನೀವ್ಯಾರೂ ಕಟ್ಟಬ್ಯಾಡ್ರಿ," ಎಂದ.

ಅದರ ಮರುದಿನವೇ ಗಿರಣಿಯ ಹೆಂಗಸು ಸತ್ತಳು. ಅದಾದ ಎರಡನೆಯ ಬೆಳಿಗ್ಗೆ ನಾನು ರೊಟ್ಟಿ ಇಟ್ಟಾಗ ಕಾಕಾ ಹೊರಗೆ ಬರಲಿಲ್ಲ. ಹಿಂದಿನ ದಿನದ ರೊಟ್ಟಿ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಮಡಚಿ ಇಟ್ಟ ಕುಂಚಿಗಿ ಇತ್ತು. ಬಿಳಿ ಅಸ್ತರು, ಅಂಚಿಗೆ ಖಾಕಿ ದಾರದ ಸಾಲು, ಗದ್ದದ ಕೆಳಗೆ ಕಟ್ಟಲು ಎರಡು ಕಸಿ. ಹೊಲಿಗೆ ಎಷ್ಟು ಸಣ್ಣದಿತ್ತೆಂದರೆ ಯಂತ್ರದ ಹೊಲಿಗೆ ಎನ್ನಬೇಕು.

ಶೆಡ್ಡಿನೊಳಗಿಂದ ದನಿ ಬಂತು. ಕುಡಿದವನ ದನಿಯಂತೆ ದಪ್ಪಗಾಗಿತ್ತು.

"ತಮ್ಮಾ, ಈಗ ಗಂಟ ಖರೇನ ಐತಿ. ಈಗ ಹೋಗಿ ಹೇಳು, ತಪ್ಪಾಗೂದಿಲ್ಲ."

ನಾನು ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಕಲ್ಲಿನ ಮ್ಯಾಲ ಇಟ್ಟೇನಿ. ಕೂಸಿಗೆ ಮುಟ್ಟಸು. ಅಷ್ಟ ಮಾಡು."

"ಹೂಂ ಕಾಕಾ," ಎಂದೆ.

ನಾನು ಪ್ಲೇಗು ಬಾರದಂತೆ ಸೂಜಿ ಚುಚ್ಚಿಸಿಕೊಂಡಿದ್ದೆ. ಅದು ಹೇಗೆ ಹರಡುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಓದಿದ್ದೆ. ಇಲಿ, ಇಲಿಯ ಮೈಮೇಲಿನ ಚಿಗಟ, ಚಿಗಟ ಕೂರುವ ಬಟ್ಟೆ. ಅದೇ ಪುಸ್ತಕದಲ್ಲಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದರೆ ಭಯವಿಲ್ಲ ಎಂದೂ ಇತ್ತು. ಅದನ್ನೂ ಓದಿದ್ದೆ. ಬೇಲಿಯಿಂದ ಒಂದು ಜಾಲಿ ಕೋಲು ಮುರಿದುಕೊಂಡೆ. ಕುಂಚಿಗಿಯನ್ನು ಕೋಲಿನ ತುದಿಗೆ ಸಿಕ್ಕಿಸಿ, ಕೈ ಚಾಚಿ ಹಿಡಿದು, ಶೆಡ್ಡಿನಿಂದ ಕಾಣದ ತಿರುವಿನ ತನಕ ಹೊತ್ತುಕೊಂಡು ಹೋಗಿ ಕಂದಕದ ಹಸಿರು ನೀರಿಗೆ ಹಾಕಿದೆ. ಅದು ತಟ್ಟನೆ ಮುಳುಗಲಿಲ್ಲ. ಒಳಗೆ ಗಾಳಿ ತುಂಬಿಕೊಂಡು, ಒಂದು ಸಣ್ಣ ತಲೆ ಇದ್ದಂತೆ ತೇಲುತ್ತಿತ್ತು. ಕೋಲಿನಿಂದ ಒತ್ತಿದೆ.

ಸಂಜೆ ಕಾಕಾನ ಹೆಂಡತಿ ಅಗಸಿಯ ಹತ್ತಿರ ಕಾಯುತ್ತಿದ್ದಳು.

"ಏನರ ಕೊಟ್ರೇನ್ರಿ? ಕೂಸಿಗೆ ಏನೋ ಹೊಲಿಯಾಕತ್ತೇನಿ ಅಂತಿದ್ರು."

"ಇಲ್ಲವ್ವಾ. ಏನೂ ಕೊಡಲಿಲ್ಲ," ಎಂದೆ.

"ಹಂಗಾರ ಇನ್ನೂ ಮುಗಿದಿಲ್ಲ," ಎಂದಳು. ಅವಳ ಮುಖದಲ್ಲಿ ಸಮಾಧಾನ ಕಂಡಿತು. ಕೆಲಸ ಮುಗಿದಿಲ್ಲವೆಂದರೆ ಗಂಡ ಕೂತು ಹೊಲಿಯುತ್ತಿದ್ದಾನೆ ಎಂದು ಅವಳು ತಿಳಿದಳು.

ಕಾಕಾ ಅದರ ಮೂರನೆಯ ದಿನ ಬೆಳಿಗ್ಗೆ ತೀರಿಕೊಂಡ. ಶೆಡ್ಡಿನ ಹಿಂದೆಯೇ ಸುಟ್ಟರು. ಅಗಸಿಕಟ್ಟೆಯ ಮೇಲೆ ಕೂತವರು, "ನೋಡ್ರಿ, ಅಂವ ಬಿ.ಎ. ಹುಡುಗ ಮೊದಲ ದಿನಾನ ಗುರ್ತಾ ಹಿಡಿದಿದ್ದ. ಇಲ್ಲಂದ್ರ ಊರೆಲ್ಲಾ ಹೋಗ್ತಿತ್ತು," ಎಂದರು. ಒಬ್ಬನು ಎದ್ದು ನನಗೆ ಕೂಡಲು ಜಾಗ ಬಿಟ್ಟ. ನಾನು ಕೂತೆ.

ಅದೇ ವಾರ ಕೆಲಸ ಬಿಟ್ಟು ಹಾನಗಲ್ಲಿನ ಅಕ್ಕನ ಮನೆಗೆ ಹೋದೆ. ಬಯಲುಸೀಮೆಯ ಬಿಸಿಲಿಗೆ ತಲೆ ಸುತ್ತುತ್ತದೆ, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದೆ. ಏನೂ ಹೇಳಲಿಲ್ಲ. ಮುಟ್ಟಿದ್ದು ಕೋಲನ್ನು ಮಾತ್ರ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೂ ತಾಸಿಗೊಮ್ಮೆ ಬಗಲಿಗೆ ಕೈ ಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಕುದುರೆ ಎದ್ದು ನಿಲ್ಲುತ್ತಿತ್ತು. ಅಕ್ಕನ ಮಗು ತೊಡೆಯ ಮೇಲೆ ಹತ್ತಲು ಬಂದರೆ ದೂಡುತ್ತಿದ್ದೆ. "ಏನೋ ಇದು, ಕೂಸಿನ ಮ್ಯಾಲೂ ಸಿಟ್ಟೇನು?" ಎಂದು ಅಕ್ಕ ಬೈದಳು. ಬೈಸಿಕೊಂಡೆ. ನನ್ನಲ್ಲಿ ರೋಗವಿದ್ದರೆ ಅವಳ ಮನೆಗೇ ತಂದಿದ್ದೇನೆ ಎಂಬುದು ಗೊತ್ತಿದ್ದೂ ಅಲ್ಲಿಯೇ ಇದ್ದೆ.

ಕುಂಚಿಗಿ ನೀರಿಗೆ ಹಾಕಿ ಹತ್ತು ದಿನ ತುಂಬಿದ ಸಂಜೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಬಗಲು, ತೊಡೆಸಂದಿ, ಕುತ್ತಿಗೆ ಎಲ್ಲ ಒತ್ತಿ ನೋಡಿಕೊಂಡೆ. ಎಲ್ಲಿಯೂ ಏನೂ ಇರಲಿಲ್ಲ. ಹೊರಗೆ ಬಂದು ಅಕ್ಕ ಬಡಿಸಿದ್ದನ್ನೆಲ್ಲ ಉಂಡೆ, ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ. ಚಾಪೆಯ ಮೇಲೆ ಬಿದ್ದವನಿಗೆ ಬೆಳಗಾಗುವ ತನಕ ಎಚ್ಚರವಾಗಲಿಲ್ಲ. ಕಾಕಾನಾಗಲಿ ಕುದುರೆಯಾಗಲಿ ಬರಲಿಲ್ಲ.

"ಏನ್ ನಿದ್ದಿಯೋ ನಿಂದು," ಎಂದಳು ಅಕ್ಕ, ಮುಸುರಿ ತಿಕ್ಕುತ್ತ. "ಎರಡ ಸಲ ಬಂದ ಕರದೆ. ಕೂಸಿನಂಗ ಮಲಗಿದ್ದಿ."